ಸುಳ್ಳು ಹೂಂ

ನನ್ನ ಅಕ್ಕ ಹೊಡೆದರೆ ಅಂಗೈ ಪೂರ್ತಿ ಬಿಚ್ಚಿ ಹೊಡೆಯುತ್ತಿದ್ದಳು. ಗಿಲ್ಲುವುದು, ಗುದ್ದುವುದು, ಕೂದಲು ಹಿಡಿದು ಎಳೆಯುವುದು ಅವಳಿಗೆ ಸೇರುತ್ತಿರಲಿಲ್ಲ. ಅವು ಅಂಜುಬುರುಕರ ಕೆಲಸ ಎನ್ನುತ್ತಿದ್ದಳು. ಎದುರಿಗೆ ನಿಂತು, ಕೆನ್ನೆಯ ಮೇಲೆ, ಒಂದೇ ಏಟು. ಹೊಡೆದ ಮೇಲೆ ಯಾಕೆ ಹೊಡೆದೆ ಎಂದು ಹೇಳುತ್ತಿದ್ದಳು. ಹೇಳಿದರೆ ಆ ಮಾತು ಅಲ್ಲಿಗೆ ಮುಗಿಯಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ "ಊಟಾ ಮಾಡ್ಬಾ" ಎಂದು ಅವಳೇ ಕರೆಯುತ್ತಿದ್ದಳು. ಅವಳಿಂದ ತಿಂದ ಏಟುಗಳನ್ನು ನಾನು ಲೆಕ್ಕವಿಟ್ಟಿಲ್ಲ. ಅವಳು ಹೊಡೆಯದೆ ಬಿಟ್ಟ ಒಂದು ಏಟು ಮಾತ್ರ ನೆನಪಿದೆ. ಇದನ್ನು ಬರೆಯುತ್ತಿರುವುದು ಅದರ ಸಲುವಾಗಿ.

ನಾನು ಇಂಡಿ ತಾಲೂಕಿನ ಒಂದು ಸಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಓದಿದವನು. ಬರವಣಿಗೆ ಬಾರದವನು. ಅಕ್ಕ ತೀರಿಕೊಂಡಾಗ ಮಾತಾಡಿಸಲು ಬಂದವರೆಲ್ಲ "ಭಾಳ ಧೈರ್ಯದ ಹೆಣ್ಣುಮಗಳು" ಎಂದು ಹೇಳಿ ಹೋದರು. ಆ ಧೈರ್ಯ ಅವಳಿಗೆ ಯಾಕೆ ಬೇಕಾಯಿತು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅಲ್ಲೇ ಹೇಳಿಬಿಡುತ್ತಿದ್ದೆನೋ ಏನೋ.

ನಮ್ಮ ಅಪ್ಪ ಗೌಂಡಿ, ಗೋಡೆ ಕಟ್ಟುವವನು. ಪುಣೆಯ ಕೋಥರೂಡದಲ್ಲಿ ಅವನು ಗಿಲಾಯಿ ಮಾಡಿದ ಗೋಡೆಗಳು ಈಗಲೂ ಇವೆ. ಅಂಥದೇ ಒಂದು ಕಟ್ಟಡದ ಸಾರವೆಯಿಂದ ಬಿದ್ದು ತೀರಿಕೊಂಡ. ಆಗ ಅವ್ವನ ತಮ್ಮ, ನಮ್ಮ ಮಾಮಾ, ನಮ್ಮ ಮೂವರನ್ನೂ ಊರಿನಿಂದ ಪುಣೆ ಹತ್ತಿರದ ದೇಹೂ ರೋಡಿನ ತನ್ನ ಮನೆಗೆ ಕರೆದುಕೊಂಡು ಹೋದ. ಹೆದ್ದಾರಿಯ ಪಕ್ಕದಲ್ಲಿ ಅವನದು ಟೈರ್ ಪಂಕ್ಚರ್ ಅಂಗಡಿ. ಲಾರಿಯ ಚಕ್ರವನ್ನು ಒಬ್ಬನೇ ಎತ್ತಿ ನಿಲ್ಲಿಸುತ್ತಿದ್ದ. ನಮಗೆ ಅನ್ನ ಹಾಕಿದ. ಅಕ್ಕನನ್ನು ಐಟಿಐಗೆ ಕಳಿಸಿ ಎಲೆಕ್ಟ್ರಾನಿಕ್ಸ್ ಕಲಿಸಿದ. ಕಲಿತು ಬಂದ ಮೇಲೆ ಅವಳನ್ನು ತಾನೇ ಮದುವೆಯಾದ. ನಮ್ಮ ಕಡೆ ಅಕ್ಕನ ಮಗಳನ್ನು ಮಾಡಿಕೊಳ್ಳುವುದು ಹೊಸದಲ್ಲ. ಅವ್ವ ತಮ್ಮನ ಕೈಗೆ ಮಗಳನ್ನು ಕೊಟ್ಟು ಋಣ ತೀರಿತು ಎಂದು ತಿಳಿದಳು. ಅಕ್ಕನನ್ನು ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಭೋಸರಿಯಲ್ಲಿ ಹೈಡ್ರಾಲಿಕ್ ಪೈಪು ಮಾಡುವ ಒಂದು ವರ್ಕ್‌ಶಾಪಿನಲ್ಲಿ ಅಕ್ಕನಿಗೆ ಟೆಸ್ಟಿಂಗ್ ಕೆಲಸ ಸಿಕ್ಕಿತು. ಮಣ್ಣು ತೋಡುವ ದೊಡ್ಡ ಯಂತ್ರಗಳ ತೋಳಿಗೆ ಎಣ್ಣೆ ಒಯ್ಯುವ ರಬ್ಬರಿನ ಪೈಪುಗಳವು. ಆಮೇಲೆ ಅವಳೇ ಹೇಳಿ ನನ್ನನ್ನೂ ಅಲ್ಲಿ ಸೇರಿಸಿದಳು. ಪೈಪಿನ ತುದಿಗೆ ಲೋಹದ ಬಾಯಿ ಕೂರಿಸುವುದು ನನ್ನ ಕೆಲಸ. ಬಿಡುವಿದ್ದಾಗ ಅಕ್ಕ ನನಗೆ ಬೆಸುಗೆ ಹಾಕಲು ಕಲಿಸಿದಳು. ನಾನೂ ಅವ್ವನೂ ಭೋಸರಿಯಲ್ಲೇ ಬಾಡಿಗೆಗೆ ಖೋಲಿ ಹಿಡಿದೆವು.

ಅಕ್ಕನ ಕೆಲಸವೆಂದರೆ ಪೈಪುಗಳನ್ನು ಕೊಲ್ಲುವುದು. ಅವಳದೇ ಮಾತು ಇದು. ದಪ್ಪ ಉಕ್ಕಿನ ಪೆಟ್ಟಿಗೆಯೊಳಗೆ ಪೈಪನ್ನು ಸಿಕ್ಕಿಸಿ, ಬಾಗಿಲು ಹಾಕಿ, ಅದು ಹರಿಯುವ ತನಕ ಎಣ್ಣೆಯ ಒತ್ತಡ ಏರಿಸಬೇಕು. ಹರಿದಾಗ ನೆಲ ನಡುಗುತ್ತಿತ್ತು. ಹೊಸಬರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಪೆಟ್ಟಿಗೆಯ ಒಳಗೋಡೆ ಉಬ್ಬುತಗ್ಗಾಗಿ ಸಿಡುಬಿನ ಮುಖದಂತೆ ಕಾಣುತ್ತಿತ್ತು. ಅಕ್ಕ ಆ ಸದ್ದಿಗೆ ಕಣ್ಣು ಸಹ ಮಿಟುಕಿಸುತ್ತಿರಲಿಲ್ಲ. "ಇದು ಒಳ್ಳೇ ಸಾವು ಸತ್ತಿತು" ಎಂದೋ, "ಇದು ಮೋಸದ್ದು, ಭಾಳ ಜಲ್ದಿ ಸತ್ತಿತು" ಎಂದೋ ಹೇಳಿ ಮುಂದಿನದಕ್ಕೆ ಕೈ ಹಾಕುತ್ತಿದ್ದಳು.

ಪೆಟ್ಟಿಗೆಯ ಯಂತ್ರಕ್ಕೂ ಗಾಜಿನ ಕೋಣೆಯಲ್ಲಿದ್ದ ಕಂಪ್ಯೂಟರಿಗೂ ನಡುವೆ ಒಂದು ಕೇಬಲ್ ಇತ್ತು. ಒತ್ತಡ ಏರಿಸು, ನಿಲ್ಲಿಸು ಎಂಬ ಅಪ್ಪಣೆ ಕಂಪ್ಯೂಟರಿನಿಂದ ಹೋಗಬೇಕು. ಒತ್ತಡ ಎಷ್ಟಾಯಿತೆಂಬ ಲೆಕ್ಕ ಯಂತ್ರದಿಂದ ಬರಬೇಕು. ಸೀರಿಯಲ್ ಪೋರ್ಟ್ ಎನ್ನುತ್ತಿದ್ದ ಆ ಸಣ್ಣ ಮುಳ್ಳುಮುಳ್ಳಿನ ಕಿಂಡಿಗೆ ಕೇಬಲ್ ಸಿಕ್ಕಿಸುವುದು. ತಿಂಗಳಿಗೆ ಒಮ್ಮೆಯಾದರೂ ಯಂತ್ರ, ಕಂಪ್ಯೂಟರ್ ಇಬ್ಬರ ನಡುವೆ ಮಾತು ನಿಲ್ಲುತ್ತಿತ್ತು. ಗಂಡಸರು ಬಂದು ಮಾನಿಟರಿನ ತಲೆಗೆ ಬಡಿಯುತ್ತಿದ್ದರು. ಅಕ್ಕ ಅವರ ಕೈ ತಳ್ಳುತ್ತಿದ್ದಳು.

"ಹೊಡೀಬೇಕಾದ್ರ ಮನಷ್ಯಾರಿಗಿ ಹೊಡೀರಿ. ಇದಕ್ಕ ಹೊಡದ್ರ ಏನ ತಿಳೀತದ?"

ಮೊದಲು ತನ್ನ ಜಡೆಯಿಂದ ಒಂದು ಪಿನ್ನು ತೆಗೆಯುತ್ತಿದ್ದಳು. ಕೇಬಲ್ ಕಿತ್ತು, ಕಂಪ್ಯೂಟರಿನ ಕಿಂಡಿಯಲ್ಲಿ ಮಾತು ಹೊರಡುವ ಮುಳ್ಳಿಗೂ ಮಾತು ಕೇಳುವ ಮುಳ್ಳಿಗೂ ಆ ಪಿನ್ನು ತಾಗಿಸಿ ಹಿಡಿದು, ಕೀಲಿ ಒತ್ತಲು ನನಗೆ ಹೇಳುತ್ತಿದ್ದಳು. ಒತ್ತಿದ ಅಕ್ಷರ ಪರದೆಯ ಮೇಲೆ ಮರಳಿ ಬಂದರೆ ಕಂಪ್ಯೂಟರಿನ ಬಾಯಿ, ಕಿವಿ ಎರಡೂ ನೆಟ್ಟಗಿವೆ ಎಂದರ್ಥ. "ಮೊದಲ ಅದರ ಮಾತು ಅದಕ್ಕರೆ ಕೇಳಸ್ತದೇನು ನೋಡಬೇಕು. ಆಮ್ಯಾಲ ಮಂದೀ ಮ್ಯಾಲ ತಪ್ಪು ಹಾಕಬೇಕು." ಆಮೇಲೆ ಕೇಬಲ್ಲಿನ ಒಂದೊಂದೇ ತಂತಿಯನ್ನು ಮೀಟರಿಟ್ಟು ನೋಡುವುದು. ಒಬ್ಬನ ಬಾಯಿ ಇನ್ನೊಬ್ಬನ ಕಿವಿಗೆ ಹೋಗಬೇಕು. ಬಾಯಿಗೆ ಬಾಯಿ ಕಟ್ಟಿದರೆ ಇಬ್ಬರೂ ಒದರುತ್ತಾರೆ, ಕೇಳುವವರಿಲ್ಲ. ಇಬ್ಬರ ಮಾತಿನ ವೇಗ ಒಂದೇ ಇರಬೇಕು. ಇಲ್ಲದಿದ್ದರೆ ಪರದೆಯ ತುಂಬ ಅರ್ಥವಿಲ್ಲದ ಕಸ ಬರುತ್ತಿತ್ತು. ಒಮ್ಮೆ ಹಾಗೆ ಬಂದಾಗ ನಮ್ಮ ಮರಾಠಿ ಸಾಹೇಬರು ಓಡಿ ಬಂದು "ತಾಈ, ಹೇ ಕಾಯ್ ಝಾಲಂ?" ಎಂದು, ಇದೇನಾಯಿತೆಂದು ಕೇಳಿದರು. ಅಕ್ಕ ತಲೆ ಎತ್ತದೆ "ದೋಘೇ ಭಾಂಡತಾಯತ, ಸಾಹೇಬ" ಎಂದಳು. ಇಬ್ಬರೂ ಜಗಳಾಡುತ್ತಿದ್ದಾರೆ ಎಂದರ್ಥ. ಸಾಹೇಬರು ನಕ್ಕುಬಿಟ್ಟರು.

ಅವಳ ಕೈ ಹೊರಗೂ ಸುಮ್ಮನಿರುತ್ತಿರಲಿಲ್ಲ. ಸಿಟಿ ಬಸ್ಸಿನಲ್ಲಿ ಮೈಮೇಲೆ ಬಿದ್ದವನಿಗೆ ಒಂದು ಬಾರಿಸಿ, ಯಾಕೆ ಬಾರಿಸಿದೆ ಎಂದು ಮೊದಲು ಮರಾಠಿಯಲ್ಲಿ, ಅವನಿಗೆ ತಿಳಿಯಲಿಲ್ಲವೆಂದು ಹಿಂದಿಯಲ್ಲಿ, ತನ್ನ ಸಮಾಧಾನಕ್ಕೆ ಕನ್ನಡದಲ್ಲಿ ಹೇಳಿದಳು. ಅವನು ಮುಂದಿನ ಸ್ಟಾಪಿನಲ್ಲಿ ಇಳಿದು ಹೋದ. ಕಂಡಕ್ಟರ್ ಅವಳಿಗೆ ಸೀಟು ಮಾಡಿಕೊಟ್ಟ.

ಇಂಥವಳನ್ನು ಮನೆಯಲ್ಲಿ ಮಾಮಾ ಹೊಡೆಯುತ್ತಿದ್ದ. ನಮಗೆ ಗೊತ್ತಿತ್ತು. ಅವಳೂ ಮುಚ್ಚಿಡುತ್ತಿರಲಿಲ್ಲ. "ನಾನೂ ಎರಡು ಕೊಟ್ಟೀನಿ" ಎಂದು ಒಡೆದ ತುಟಿಯಲ್ಲೇ ನಗುತ್ತಿದ್ದಳು. ಅವಳು ನಗುತ್ತಾಳಲ್ಲ ಎಂದು ನಾವು ಸುಮ್ಮನಿದ್ದೆವು.

ಹಾಗೆ ಏಟು ತಿಂದು ಅವಳು ಕೆಲಸಕ್ಕೆ ಬಾರದ ಒಂದು ದಿನ ಕೇಬಲ್ ಕೆಟ್ಟಿತು. ಬಾಯಿ, ಕಿವಿಯ ತಂತಿಗಳಲ್ಲದೆ ಅದರಲ್ಲಿ ಇನ್ನೊಂದು ತಂತಿ ಇತ್ತು. ಅಕ್ಕ ಅದನ್ನು ಹೂಂ ತಂತಿ ಎನ್ನುತ್ತಿದ್ದಳು. ಪೆಟ್ಟಿಗೆಯ ಬಾಗಿಲು ಹಾಕಿದ್ದರೆ ಮಾತ್ರ ಯಂತ್ರ ಆ ತಂತಿಯಲ್ಲಿ "ಹೂಂ, ನಾನು ತಯಾರು" ಎನ್ನುತ್ತಿತ್ತು. ಆ ಹೂಂ ಬರುವವರೆಗೆ ಕಂಪ್ಯೂಟರ್ ಅಪ್ಪಣೆ ಕೊಡುತ್ತಿರಲಿಲ್ಲ. ಅವತ್ತು ಆ ತಂತಿ ಒಳಗೇ ಹರಿದಿತ್ತು. ಬಾಗಿಲು ಹಾಕಿದರೂ ಹೂಂ ಇಲ್ಲ. ಕಂಪ್ಯೂಟರ್ ಕಾಯುತ್ತ ಕೂತಿತು. ಮಾಲು ಸಂಜೆಯೊಳಗೆ ಲಾರಿಗೆ ಏರಬೇಕು. ಸಾಹೇಬರು ಕೂಗಾಡುತ್ತಿದ್ದರು.

ಹೊರಗಿನ ಮೆಕ್ಯಾನಿಕ್ ಒಬ್ಬ ಮಾಡಿದ ಉಪಾಯವನ್ನು ನಾನು ಎಲ್ಲೋ ನೋಡಿದ್ದೆ. ಕೇಬಲ್ಲಿನ ಕಂಪ್ಯೂಟರ್ ತುದಿಯನ್ನು ಬಿಚ್ಚಿದೆ. ಕಂಪ್ಯೂಟರ್ "ತಯಾರೇನು?" ಎಂದು ಕೇಳುವ ಮುಳ್ಳಿಗೂ ಹೂಂ ಬರಬೇಕಾದ ಮುಳ್ಳಿಗೂ ಒಂದು ತುಂಡು ತಂತಿ ಬೆಸೆದೆ. ಅದು ಕೇಳಿದ ಪ್ರಶ್ನೆ ಅದಕ್ಕೇ ಉತ್ತರವಾಗಿ ಮರಳಿ ಬಂತು. ಯಂತ್ರ ಏನೂ ಅನ್ನದಿದ್ದರೂ ಕಂಪ್ಯೂಟರಿಗೆ ಸದಾ ಹೂಂ. ಕೆಲಸ ಭರ್ರೆಂದು ಓಡಿತು. ಸಾಹೇಬರು ನನ್ನ ಬೆನ್ನು ತಟ್ಟಿದರು. ಆ ಬೆನ್ನು ತಟ್ಟಿದ್ದು ನನಗೆ ಎಷ್ಟು ರುಚಿಸಿತೆಂದರೆ, ಕೇಬಲ್ ಸರಿಮಾಡಬೇಕು ಎಂಬುದನ್ನೇ ಬಿಟ್ಟುಬಿಟ್ಟೆ.

ಮರುದಿನವೂ ಅಕ್ಕ ಬರಲಿಲ್ಲ. ಮಧ್ಯಾಹ್ನ ಪಾಂಡು ಎಂಬ ನಮ್ಮ ಜೊತೆಗಾರ ಪೆಟ್ಟಿಗೆಯ ಬಾಗಿಲು ತೆರೆದು, ಒಳಗೆ ಬಾಗಿ, ಪೈಪು ಸಿಕ್ಕಿಸುತ್ತಿದ್ದ. ಗಾಜಿನ ಕೋಣೆಯಲ್ಲಿ ಕೂತವನು ಅಭ್ಯಾಸದಂತೆ ಕೀಲಿ ಒತ್ತಿದ. ಬಾಗಿಲು ತೆರೆದಿದ್ದರೆ ಕಂಪ್ಯೂಟರೇ ತಡೆಯುತ್ತದೆ ಎಂಬುದು ಎಲ್ಲರ ನಂಬಿಕೆ. ಅದು ತಡೆಯಲಿಲ್ಲ. ಅರ್ಧ ತಿರುಗಿಸಿದ್ದ ಪೈಪಿನ ಲೋಹದ ಬಾಯಿ ಕಿತ್ತು ಬಂದು ಪಾಂಡುವಿನ ದವಡೆಗೆ ಬಡಿಯಿತು. ಪೈಪು ಹುಚ್ಚು ಹಾವಿನಂತೆ ಒಳಗೆಲ್ಲ ಬಡಿದುಕೊಳ್ಳುತ್ತಿತ್ತು. ಅದರ ಸದ್ದಿನ ನಡುವೆಯೂ ಉಕ್ಕಿನ ತಳದ ಮೇಲೆ ಅವನ ಹಲ್ಲು ಉದುರಿದ ಸದ್ದು ನನಗೆ ಕೇಳಿಸಿತು. ಪಂಪು ನಿಲ್ಲಿಸಿ ಅವನನ್ನು ಹೊರಗೆ ಎಳೆದಾಗ ಮುಖದ ಕೆಳಗಿನ ಅರ್ಧ ಇರಬೇಕಾದ ಜಾಗದಲ್ಲಿರಲಿಲ್ಲ. ಎಣ್ಣೆ ಯಾವುದು, ರಕ್ತ ಯಾವುದು ತಿಳಿಯುತ್ತಿರಲಿಲ್ಲ.

ಸುದ್ದಿ ತಿಳಿದು ಅಕ್ಕ ಬಂದಳು. ನೇರ ಹೋಗಿ ಕೇಬಲ್ಲಿನ ತುದಿ ಬಿಚ್ಚಿದಳು. ನನ್ನ ತುಂಡು ತಂತಿ ಕಂಡಿತು. ಬೆಸುಗೆ ನೋಡಿದರೆ ಯಾರ ಕೈ ಎಂದು ಅವಳಿಗೆ ಗೊತ್ತಾಗುತ್ತಿತ್ತು, ಕಲಿಸಿದವಳು ಅವಳೇ. ಅವತ್ತು ಮೊದಲನೆಯ ಸಲ ಕೈ ಬಿಟ್ಟು ಬೇರೆಯದರಿಂದ ಹೊಡೆದಳು. ಆ ಕೇಬಲ್ಲಿನಿಂದಲೇ ಬೆನ್ನಿಗೆ, ತೋಳಿಗೆ, ಕುತ್ತಿಗೆಗೆ. ಎಲ್ಲರೂ ನಿಂತು ನೋಡುತ್ತಿದ್ದರು. ಯಾರೂ ಬಿಡಿಸಲಿಲ್ಲ.

"ಇದಕ್ಕ ಸುಳ್ಳು ಹೂಂ ಅಂತಾರ ತಮ್ಮಾ. ಆ ಕಡಿ ಮನಷ್ಯಾ ಅದಾನೋ ಸತ್ತಾನೋ ನೋಡ್ಲಿಲ್ಲ. ಈ ಕಡಿ ಕುಂತು ನೀನ ಕೇಳಿದಿ, ನೀನ ಹೂಂ ಅಂದಿ."

ಆಮೇಲೆ ರಟ್ಟೆ ಹಿಡಿದು ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಪಾಂಡುವಿನ ದವಡೆಗೆ ತಂತಿ ಹಾಕಿ ಕಟ್ಟಿದ್ದರು. ನಾನು ಮಾಡಿದ್ದನ್ನು ನನ್ನ ಬಾಯಿಂದಲೇ ಅವನಿಗೆ ಹೇಳಿಸಿದಳು. ಅವನು ಬೈಯಲು ಬಾಯಿ ತೆರೆಯಲಾರದೆ ಕಣ್ಣಲ್ಲೇ ನೀರು ತಂದುಕೊಂಡ. ವರ್ಕ್‌ಶಾಪಿನವರು ಯಂತ್ರದ ದೋಷವೆಂದು ಮುಚ್ಚಿಹಾಕಿದರು. ಪಾಂಡು ಆಮೇಲೆ ಅಲ್ಲೇ ಗೇಟಿನ ಕಾವಲಿಗೆ ಬಂದ. ಮಾತು ಸೊಟ್ಟಗಾಗಿತ್ತು. ದಿನವೂ ಅವನೇ ನನಗೆ ಗೇಟು ತೆರೆಯುತ್ತಿದ್ದ. ಅಕ್ಕನ ಕೈಯ ಮೇಲೆ ಕೈಯಿಟ್ಟು, ಇನ್ನು ಸುಳ್ಳು ಹೂಂ ಕಟ್ಟುವುದಿಲ್ಲ ಎಂದು ಆಣೆ ಮಾಡಿದ್ದೆ.

ಕೇಬಲ್ಲಿನಲ್ಲಿ ಮತ್ತೆ ಕಟ್ಟಲಿಲ್ಲ.

ಎರಡು ಮಳೆಗಾಲ ಕಳೆದಿರಬೇಕು. ಒಂದು ಭಾನುವಾರ ಬೆಳಿಗ್ಗೆ ಅಕ್ಕ ನಮ್ಮ ಖೋಲಿಗೆ ಬಂದಳು. ಈ ಸಲ ನಗಲಿಲ್ಲ. ಟೈರು ಬಿಚ್ಚುವ ಕಬ್ಬಿಣದ ಪಟ್ಟಿಯಿಂದ ಮಾಮಾ ಹೊಡೆದಿದ್ದ. ಭುಜ ಬಾತು ಕುಪ್ಪಸದ ತೋಳು ಬಿಗಿದಿತ್ತು. ಅವ್ವ ಕತ್ತರಿ ಹಾಕಿ ತೋಳು ಬಿಚ್ಚಿ, ಕಾಸಿದ ಬಟ್ಟೆ ಇಡುತ್ತ ತನ್ನ ತಮ್ಮನ ಪರವಾಗಿಯೇ ಮಾತಾಡಿದಳು.

"ಏನರೆ ಅಂದಿರ್ತಿ ನೀ. ಸುಮ್ಮಸುಮ್ಮನ ಹೊಡೀತಾನೇನು? ಅವನ ಅನ್ನ ಉಂಡೀವಿ."

"ಅನ್ನದ ಸಲುವಾಗಿ ಎಷ್ಟ ಸಲ ಸಾಯಲಿ ಹೇಳಬೇ," ಎಂದಳು ಅಕ್ಕ. ಆಮೇಲೆ ನನ್ನ ಕಡೆ ತಿರುಗಿದಳು. "ತಮ್ಮಾ, ನೀ ಹೋಗಿ ಕೇಳ್ಬಾ. ಎರಡ ಮಾತು. ಇನ್ನ ಕೈ ಎತ್ತಬಾರದು. ನನ್ನ ನೌಕರಿ ಬಿಡಸಬಾರದು. ಅಂವ ತನ್ನ ಬಾಯಿಂದ ಹೂಂ ಅಂದ್ರ ಹೋಗ್ತೀನಿ. ಇಲ್ಲಾಂದ್ರ ಇಲ್ಲೇ ಭೋಸರ್ಯಾಗ ಒಂದು ಖೋಲಿ ಹಿಡೀತೀನಿ. ನನಗ ಎರಡೂ ನಡೀತದ. ಖರೇ ಸುದ್ದಿ ತಂದು ಹೇಳು, ಅಷ್ಟ."

ನಾನು ದೇಹೂ ರೋಡಿಗೆ ಹೋದೆ. ಮಾಮಾ ಅಂಗಡಿಯ ಮುಂದೆ ಒಂದು ಲಾರಿ ಟೈರಿನ ಮೇಲೆ ನಿಂತು, ಸುತ್ತಿಗೆಯಿಂದ ಅದರ ಅಂಚನ್ನು ಬಡಿದು ಬಿಡಿಸುತ್ತಿದ್ದ. ಒಂದೊಂದು ಏಟಿಗೂ ಟೈರು ನೆಗೆಯುತ್ತಿತ್ತು. ಕಬ್ಬಿಣದ ಪಟ್ಟಿ ಪಕ್ಕದಲ್ಲೇ ಬಿದ್ದಿತ್ತು. ನಾನು ಅದನ್ನು ನೋಡಿದ್ದನ್ನು ಅವನು ನೋಡಿದ.

"ಏನಲೇ ಅಳಿಯಾ, ನಿಮ್ಮಕ್ಕ ಕಳಿಸ್ಯಾಳೇನು?"

"ಇಲ್ರಿ ಮಾಮಾ. ಹಂಗ ಈ ಕಡಿ ಸ್ವಲ್ಪ ಕೆಲಸ ಇತ್ತು."

"ಮತ್ತ ನಿಂತಿ ಯಾಕ? ಕೂಡು. ಚಾ ಕುಡಿ."

ಕೂತೆ. ಚಾ ಕುಡಿದೆ. ಅವನು ಅವ್ವನ ಮೊಣಕಾಲು ನೋವಿನ ಬಗ್ಗೆ ಕೇಳಿದ. ಮುಲಾಮಿನ ಒಂದು ಡಬ್ಬಿ ಕೊಟ್ಟು ಕಳಿಸಿದ. ಕೇಳಬೇಕಾದ ಎರಡು ಮಾತನ್ನು ನಾನು ಕೇಳಲಿಲ್ಲ. ಅಂಜಿಕೆಯೂ ಹೌದು, ನನ್ನ ತಲೆಗೆ ಎಣ್ಣೆ ಹಚ್ಚಿ ಅನ್ನ ಹಾಕಿದ ಕೈ ಅದು ಎಂಬ ಸಂಕೋಚವೂ ಹೌದು. ಬಸ್ಸಿನಲ್ಲಿ ಬರುತ್ತ ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಮಾಮಾ ಇವತ್ತು ಸಿಟ್ಟಿನಲ್ಲಿರಲಿಲ್ಲ. ಮುಲಾಮು ಕೊಟ್ಟಿದ್ದಾನೆ. ಅಕ್ಕ ಮರಳಿ ಹೋದರೆ ತಾನೇ ಸರಿಹೋಗುತ್ತದೆ. ಕೇಳಿದ್ದರೂ ಹೂಂ ಅನ್ನುತ್ತಿದ್ದ.

ಖೋಲಿಯಲ್ಲಿ ಅವ್ವ ಬಾಗಿಲಲ್ಲೇ ನಿಂತಿದ್ದಳು. ಅಕ್ಕ ಗೋಡೆಗೆ ಒರಗಿ ಕೂತಿದ್ದಳು.

"ಹೂಂ ಅಂದಾನ," ಎಂದೆ.

"ಎರಡಕ್ಕೂ?"

"ಎರಡಕ್ಕೂ."

"ಅವನ ಬಾಯಿಂದ ಅಂದಾನೋ, ನೀನ ಅಂದಿಯೋ?"

"ಅವನ ಬಾಯಿಂದ."

ಯಾವ ಯಂತ್ರದ ಮಾತನ್ನೂ ಪರೀಕ್ಷಿಸದೆ ನಂಬದವಳು ನನ್ನ ಮುಖ ನೋಡಿ, ಎದ್ದು, ಚೀಲ ತೆಗೆದುಕೊಂಡಳು. ಅವ್ವ ಅವಳ ಹಣೆಗೆ ಕುಂಕುಮ ಇಟ್ಟಳು. ನಾನೇ ಬಸ್ಸಿಗೆ ಹತ್ತಿಸಿ ಬಂದೆ.

ಮುಂದಿನದನ್ನು ನನಗೆ ಹೇಳಿದವಳು ಅವರ ಪಕ್ಕದ ಮನೆಯಾಕೆ. ಸೋಮವಾರ ಬೆಳಿಗ್ಗೆ ಅಕ್ಕ ಡಬ್ಬಿ ಕಟ್ಟಿಕೊಂಡು ಹೊರಟಳು. ಎಲ್ಲಿಗೆ ಎಂದು ಮಾಮಾ ಕೇಳಿದ. ಡ್ಯೂಟಿಗೆ ಎಂದಳು. ಯಾರನ್ನ ಕೇಳಿ ಎಂದ. ನನ್ನ ತಮ್ಮನ ಮುಂದೆ ನೀನೇ ಹೂಂ ಅಂದಿದ್ದೀಯಲ್ಲ ಎಂದಳು. ಮಾಮಾ ನಕ್ಕನಂತೆ. "ಯಾವಾಗ ಅಂದೆ? ಅಂವ ಬಂದ, ಚಾ ಕುಡದ, ಹೋದ. ಬಾಯಿ ಬಿಟ್ಟಿಲ್ಲ." ಆಗಲಾದರೂ ಅವಳು ಸುಮ್ಮನಾಗಿದ್ದರೆ. ಆಗಲಿಲ್ಲ. "ನನ್ನ ತಮ್ಮ ಸುಳ್ಳು ಹೇಳಾಂವಲ್ಲ. ನೀ ಈಗ ಮಾತು ತಿರಗಸಬ್ಯಾಡ" ಎಂದು ಹೊಸ್ತಿಲು ದಾಟಲು ಹೋದಳು. ಮಾಮಾ ಪಟ್ಟಿ ತೆಗೆದುಕೊಂಡ. ಚೌಕಟ್ಟು ಹಿಡಿದಿದ್ದ ಅವಳ ಬಲಗೈಯ ಬೆರಳುಗಳ ಮೇಲೆ ಮೊದಲ ಏಟು. ಎರಡನೆಯದು ಕಿವಿಯ ಮೇಲೆ. ಆಮೇಲಿನವನ್ನು ಆ ಹೆಣ್ಣುಮಗಳು ಹೇಳಲಿಲ್ಲ; ಓಣಿಯ ಗಂಡಸರು ಬಂದು ಅವನನ್ನು ಹಿಡಿಯುವವರೆಗೂ ಹೊಡೆದ ಎಂದಳು. ಅಕ್ಕ ಜಜ್ಜಿದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ತಾನೇ ನಡೆದು ಪೊಲೀಸ್ ಠಾಣೆಗೆ ಹೋದಳು. ಅವಳ ಹಿಂದೆ ರಸ್ತೆಯ ಉದ್ದಕ್ಕೂ ರಕ್ತ ಬಿದ್ದಿತ್ತಂತೆ. ಮಾಮಾನನ್ನು ಒಳಗೆ ಹಾಕಿದರು. ಹೊರಗೆ ಬಂದ ಮೇಲೂ ಅವಳು ಆ ಮನೆಯ ಮುಖ ನೋಡಲಿಲ್ಲ.

ನಾನು ಆಸ್ಪತ್ರೆಗೆ ಹೋದೆ. ಬಲಗೈಗೆ ಪ್ಲಾಸ್ಟರ್, ತಲೆ ಪೂರ್ತಿ ಬಟ್ಟೆ, ಒಂದು ಕಣ್ಣು ಮುಚ್ಚಿತ್ತು. ಎಡಗೈ ಖಾಲಿ ಇತ್ತು. ಅದಕ್ಕೆ ಎಟುಕುವಂತೆ ಹತ್ತಿರ ಹೋಗಿ ನಿಂತೆ. ಅವಳು ಎತ್ತಲಿಲ್ಲ. ಬಹಳ ಹೊತ್ತು ನನ್ನನ್ನೇ ನೋಡಿ, ಬಾತ ತುಟಿಯಲ್ಲಿ ಒಂದೇ ಮಾತು ಕೇಳಿದಳು.

"ಪಾಂಡು ಹೆಂಗದಾನ?"

ಅಷ್ಟೇ. ಅವ್ವನಿಗೆ ಅವಳು ಹೇಳಲೇ ಇಲ್ಲ. ತನ್ನ ತಮ್ಮ ಮಾತು ಕೊಟ್ಟು ತಪ್ಪಿದ ಎಂದೇ ಅವ್ವ ಇವತ್ತಿನವರೆಗೂ ತಿಳಿದಿದ್ದಾಳೆ. ಅವನ ಮೈಮೇಲೆ ಬೇರೆ ತಪ್ಪುಗಳು ಬೇಕಾದಷ್ಟಿವೆ. ಆ ಒಂದು ನನ್ನದು.

ಅಕ್ಕ ಮರಳಿ ಕೆಲಸಕ್ಕೆ ಬಂದಳು. ಬಲಗೈಯ ಎರಡು ಬೆರಳು ಮತ್ತೆ ಮಡಚಲಿಲ್ಲ, ಬಲಗಿವಿ ಕೇಳಲಿಲ್ಲ. ಬೆಸುಗೆಯ ಕಡ್ಡಿಯನ್ನು ಹೆಬ್ಬೆರಳಿಗೂ ನಡುಬೆರಳಿಗೂ ಸಿಕ್ಕಿಸಿಕೊಂಡು ಹಿಡಿಯುವುದನ್ನು ಹೊಸದಾಗಿ ಕಲಿತಳು. ಪೈಪು ಹರಿಯುವಾಗ ಎಡಗಿವಿಯನ್ನು ಆ ಕಡೆ ತಿರುಗಿಸುತ್ತಿದ್ದಳು. ಕೆಲವು ವರ್ಷಗಳಲ್ಲಿ ವಾಕಡದಲ್ಲಿ ಒಂದು ಮನೆ ಹಿಡಿದಳು. ಆಗ ಅಲ್ಲಿ ಎತ್ತರದ ಕಟ್ಟಡಗಳು ಏಳುತ್ತಿದ್ದವು. ಹೊಸ ಕಂಪ್ಯೂಟರುಗಳಲ್ಲಿ ಆ ಮುಳ್ಳಿನ ಕಿಂಡಿಯೇ ಇರಲಿಲ್ಲ. ನಡುವೆ ಒಂದು ಸಣ್ಣ ಡಬ್ಬಿ ಸಿಕ್ಕಿಸಬೇಕಿತ್ತು. "ಈಗ ನಡುವ ಒಬ್ಬ ದಲ್ಲಾಳಿ ಬಂದಾನ" ಎಂದು ಬೈಯುತ್ತ ಅದನ್ನೂ ಪಳಗಿಸಿದಳು. ಆದರೆ ಮೊದಲು ಜಡೆಯ ಪಿನ್ನು ತೆಗೆಯುವುದನ್ನು ಬಿಡಲಿಲ್ಲ.

ನನ್ನ ಜೊತೆ ಮಾತು ಬಿಡಲಿಲ್ಲ. ಹಬ್ಬಕ್ಕೆ ಹೋದರೆ ಬಡಿಸುತ್ತಿದ್ದಳು. ಅವಳಾಗಿ ಊಟಕ್ಕೆ ಕರೆದದ್ದು ಮಾತ್ರ ನೆನಪಿಲ್ಲ. ಹೊಡೆಯುವುದನ್ನೂ ಬಿಟ್ಟಿದ್ದಳು. ನಾನು ಯಾವ ಸುದ್ದಿ ತಂದರೂ, ಸಾಹೇಬರು ರಜೆ ಕೊಟ್ಟರು ಎಂದರೂ, ಅವ್ವ ಗುಳಿಗೆ ತೆಗೆದುಕೊಂಡಳು ಎಂದರೂ, ನನ್ನ ಎದುರಿಗೇ ಫೋನ್ ಮಾಡಿ ಅವರನ್ನೇ ಕೇಳುತ್ತಿದ್ದಳು. ಸಿಟ್ಟಿನಿಂದಲ್ಲ. ಹಾಳಾದ ಕೇಬಲ್ಲಿಗೆ ಮೀಟರ್ ಇಟ್ಟು ನೋಡುವಂತೆ. ಬೆನ್ನಿಗೆ ಬಿದ್ದ ಕೇಬಲ್ಲಿನ ಏಟು ವಾರದಲ್ಲಿ ಮಾಯಿತ್ತು. ಈ ಫೋನಿನದು ಮಾಯಲಿಲ್ಲ.

ಕಳೆದ ವರ್ಷ ಅವಳ ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಿತು. ಕೊಯ್ದರು, ಮತ್ತೆ ಬೆಳೆಯಿತು. ಒಂದು ಮಧ್ಯಾಹ್ನ ಡಾಕ್ಟರು ನನ್ನನ್ನು ವರಾಂಡಕ್ಕೆ ಕರೆದು, ಇನ್ನು ಏನೂ ಮಾಡುವಂತಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ಮರಾಠಿಯಲ್ಲಿ ಹೇಳಿದರು. ಅವ್ವ ಬೆಂಚಿನ ಮೇಲೆ ಕೂತಿದ್ದಳು. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು.

"ಆಕಿಗಿ ಹೇಳಬ್ಯಾಡೋ ಯಪ್ಪಾ. ಆರಾಮ ಆಗ್ತದ ಅಂದಾರ ಅಂತ ಹೇಳು. ನಾಕ ದಿನ ನಕ್ಕೋತ ಇರ್ಲಿ."

ಒಳಗೆ ಹೋಗಿ ಮಂಚದ ಎಡಕ್ಕೆ, ಕೇಳುವ ಕಿವಿಯ ಕಡೆ ಕೂತೆ.

"ಏನಂದ್ರು?" ಎಂದಳು.

ನನ್ನ ನಾಲಗೆಯ ಮೇಲೆ ಹೂಂ ಬಂದು ನಿಂತಿತ್ತು. ಆರಾಮ ಆಗ್ತದ ಅಕ್ಕಾ, ಹೂಂ ಅಂದಾರ. ಅಷ್ಟು ಹಗುರದ ಮಾತು. ನುಂಗಿದೆ.

"ಆರಾಮ ಆಗಂಗಿಲ್ಲ ಅಂದ್ರು."

"ಡಾಕ್ಟರ ಬಾಯಿಂದ?"

"ಡಾಕ್ಟರ ಬಾಯಿಂದ."

ಫೋನ್ ದಿಂಬಿನ ಪಕ್ಕದಲ್ಲೇ ಇತ್ತು. ಡಾಕ್ಟರು ಇನ್ನೂ ಹೊರಗೆ ಮಾತಾಡುತ್ತಿದ್ದುದು ನನಗೂ ಕೇಳುತ್ತಿತ್ತು, ಅವಳಿಗೂ ಕೇಳುತ್ತಿದ್ದಿರಬೇಕು. ಅವಳು ಫೋನಿಗೆ ಕೈ ಹಾಕಲಿಲ್ಲ. ಯಾರನ್ನೂ ಕರೆಯಲಿಲ್ಲ.

"ಹೂಂ," ಎಂದಳು.

ಆಮೇಲೆ ಬಲಗೈ ಎತ್ತಿದಳು. ನಾನು ಕಣ್ಣು ಮುಚ್ಚಿಕೊಂಡು ಕೆನ್ನೆ ಮುಂದೆ ಮಾಡಿದೆ. ಅಂಗೈ ಬಂದು ಬಿತ್ತು. ಎರಡು ಬೆರಳು ಕಟ್ಟಿಗೆಯಂತೆ ಸೆಟೆದೇ ಇದ್ದವು. ಸದ್ದಾಗುವಷ್ಟು ಬಲ ಅದರಲ್ಲಿರಲಿಲ್ಲ. ಸವರಿದ್ದು ಎಂದು ಅವ್ವ ಹೇಳುತ್ತಾಳೆ. ಬಾಗಿಲಲ್ಲಿ ನಿಂತು ನೋಡಿದಳಂತೆ. ಸವರಿದ್ದಲ್ಲ. ಯಾಕೆ ಹೊಡೆದೆ ಎಂದು ಈ ಸಲ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಕೈ ಕೆಳಗಿಳಿಸಿ, ಗೋಡೆಯ ಕಡೆ ಹೊರಳುತ್ತ ಅಂದಳು:

"ಹೋಗು. ಊಟಾ ಮಾಡ್ಕೊಂಡು ಬಾ."